ಎಲ್ಲವೂ ಒಂದೇ ಕಡೆಗೆ ತಪ್ಪಿದಾಗ

ಅಪ್ಪನ ಎಚ್‌ಎಂಟಿ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತಿತ್ತು. ರೇಡಿಯೋದಲ್ಲಿ ವಾರ್ತೆಗೆ ಮುಂಚಿನ 'ಪೀಂ ಪೀಂ' ಕೇಳಿ, ಮುಳ್ಳು ತಿದ್ದಿ, ಕೀ ಕೊಟ್ಟು ಕಟ್ಟಿಕೊಂಡರೆ ಅವರ ದಿನ ಶುರು. ಬಿಡದಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಯೂನಿಟ್‌ನ ಟೆಸ್ಟಿಂಗ್ ವಿಭಾಗದಲ್ಲಿ ನಾನು ಮಾಡೋದೂ ಹೆಚ್ಚುಕಮ್ಮಿ ಅದೇ.

ನಮ್ಮ ಮೀಟರುಗಳೆಲ್ಲ ಒಂದು ಡಬ್ಬಿಯನ್ನು ನಂಬಿಕೊಂಡಿವೆ. ಅದರೊಳಗೆ ಸದಾ ಬಿಸಿಯಾಗಿಟ್ಟ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 1 ಕೋಟಿ ಸಲ, ಅಂದರೆ 10 ಮೆಗಾಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಹರಳಿನ ಗುಣ ವಿಚಿತ್ರ. ಕ್ಷಣದಿಂದ ಕ್ಷಣಕ್ಕೆ ಬಹಳ ಶಿಸ್ತು, ವಯಸ್ಸಾದಂತೆ ಮಾತ್ರ ಮೆಲ್ಲಗೆ ಜಾರುತ್ತದೆ. ಜಿಪಿಎಸ್ ಸಿಗ್ನಲ್ ಇದಕ್ಕೆ ಉಲ್ಟಾ. ಅದರ ಹಿಂದೆ ಪರಮಾಣು ಗಡಿಯಾರ ಇದೆ, ದಿನಗಟ್ಟಲೆ ನೋಡಿದರೆ ಅಲ್ಲಾಡಲ್ಲ. ಆದರೆ ವಾತಾವರಣ ದಾಟಿ ಬರುವಾಗ ಕ್ಷಣಕ್ಷಣಕ್ಕೂ ಕೆಲವು ನ್ಯಾನೋಸೆಕೆಂಡ್ ನಡುಗುತ್ತದೆ. ಸೆಕೆಂಡಿಗೊಂದರಂತೆ ಸಿಗುವ ಆ ಮಿಡಿತಕ್ಕೆ ಡಬ್ಬಿ ಹರಳನ್ನು ಹೋಲಿಸಿ, ನಿಧಾನಕ್ಕೆ, ಚೂರುಚೂರೇ ತಿದ್ದುತ್ತದೆ. ಅವಸರಪಟ್ಟರೆ ನಡುಕವೂ ಹರಳಿಗೆ ಅಂಟಿಕೊಳ್ಳುತ್ತೆ.

ಕಳೆದ ಮಳೆಗಾಲದಲ್ಲಿ ನಾವು ಕಳಿಸಿದ ಆಸಿಲೇಟರ್‌ಗಳ ಇಡೀ ಬ್ಯಾಚ್ ವಾಪಸ್ ಬಂತು. ಅಳತೆ ಮಾಡಿದ್ದು ಚನ್ನಪಟ್ಟಣ ಕಡೆಯ ಟ್ರೈನಿ ಹುಡುಗ. ಎಲ್ಲರೆದುರೇ ಬೈದೆ. "ಮೇಡಂ, ನಾನು ನೆಟ್ಟಗೇ ನೋಡಿದ್ದೆ" ಅಂದ. ನಾನು ಕೇಳಿಸಿಕೊಳ್ಳಲಿಲ್ಲ. ಅವನ ಕೆಲಸ ಕಾಯಂ ಆಗಬೇಕಿದ್ದ ತಿಂಗಳು ಅದು.

ರಾತ್ರಿ ಮನೇಲಿ ರಿಪೋರ್ಟ್ ಮತ್ತೆ ತೆಗೆದಾಗ ಹೊಳೀತು. ಪ್ರತಿ ಪೀಸೂ ಒಂದೇ ಕಡೆಗೆ, ಸುಮಾರು ಅರ್ಧ ಹರ್ಟ್ಜ್ ತಪ್ಪಿತ್ತು. ಕೈತಪ್ಪು ಹಾಗಿರಲ್ಲ, ಅಲ್ಲೊಂದು ಇಲ್ಲೊಂದು, ಆ ಕಡೆ ಈ ಕಡೆ ಚದುರಿರುತ್ತೆ. ಬೆಳಗ್ಗೆ ಛಾವಣಿ ಹತ್ತಿಸಿ ನೋಡಿದರೆ, ಬೇಸಿಗೆಯಲ್ಲಿ ಶೀಟ್ ಬದಲಿಸಲು ಬಂದವರು ಆಂಟೆನಾ ಕೇಬಲ್ ಬಿಚ್ಚಿ ಪಕ್ಕಕ್ಕಿಟ್ಟು ಹೋಗಿದ್ದರು. ಡಬ್ಬಿಯ ಕೆಂಪು ದೀಪ ಅಂದಿನಿಂದ ಉರಿಯುತ್ತಲೇ ಇತ್ತು. ಆ ದೀಪ ನೋಡಬೇಕಾದವಳು ನಾನೇ.

ಇಲ್ಲಿಂದ ತುಸು ದೂರದ ಬ್ಯಾಲಾಳುವಿನಲ್ಲಿ 2013ರಿಂದ ಇಸ್ರೋದ ನ್ಯಾವಿಗೇಷನ್ ಕೇಂದ್ರ ಇದೆ. ನಮ್ಮದೇ ನಾವಿಕ್ ಉಪಗ್ರಹಗಳ ಸಮಯವನ್ನು ಕಾಯೋದು ಅಲ್ಲಿ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವೂ ಇದೆ. ಪಕ್ಕದಲ್ಲೇ ಅಂಥ ಕೆಲಸ ನಡೀತಿರುವಾಗ, ನನ್ನ ಕೈಲಿ ಒಂದು ವೈರು ಕಾಯಲಾಗಲಿಲ್ಲ.

ಬೈದಷ್ಟೇ ಜನರ ಮುಂದೆ ನಿಂತು ತಪ್ಪು ನಂದು ಅಂದೆ. ಎಚ್‌ಆರ್‌ಗೂ ಮೇಲ್ ಹಾಕಿದೆ. ಹುಡುಗ ಏನೂ ಅನ್ನಲಿಲ್ಲ. ಕೇಬಲ್ ಸಿಕ್ಕಿಸಿ ಬಂದು, ಹಸಿರು ದೀಪ ಹತ್ತೋವರೆಗೂ ಡಬ್ಬಿಯ ಮುಂದೆ ನಿಂತಿದ್ದ. ನಾನೂ ನಿಂತಿದ್ದೆ.