ಮಲಬದ್ಧತೆಗೆ ಆಹಾರವೊಂದೇ ಕಾರಣವೆ?

ಮಲಬದ್ಧತೆಯೆಂದೊಡನೆ ನಾವು ಆಹಾರವನ್ನೇ ದೂರುತ್ತೇವೆ. ಆದರೆ ರಾಗಿಮುದ್ದೆ, ಹುರುಳಿ, ಸೊಪ್ಪುಗಳನ್ನುಣ್ಣುವ ಗುಂಡ್ಲುಪೇಟೆಯ ಸೀಮೆಯಲ್ಲಿಯೂ ಈ ಬಾಧೆಯುಂಟು. ಕಾರಣವೇನು?

ಸುಮಾರು 1.5 ಮೀಟರು ಉದ್ದದ ದೊಡ್ಡ ಕರುಳು ಅಲೆಯಲೆಯಾಗಿ ಸಂಕುಚಿಸಿ ಮಲವನ್ನು ಮುಂದಕ್ಕೆ ನೂಕುತ್ತದೆ. ಜೊತೆಗೆ ಅದರ ನೀರನ್ನೂ ಹೀರುತ್ತದೆ. ಈ ನಡೆ ನಿಧಾನವಾದಷ್ಟೂ ಮಲವು ಒಣಗಿ ಗಟ್ಟಿಯಾಗುತ್ತದೆ. ನಾರು, ನೀರು, ನಡಿಗೆಗಳ ಕೊರತೆ. ಥೈರಾಯ್ಡ್ ಗ್ರಂಥಿಯ ಮಾಂದ್ಯ. ಸಕ್ಕರೆ ಕಾಯಿಲೆಯಿಂದ ನರಗಳಿಗಾಗುವ ಹಾನಿ. ಕಬ್ಬಿಣದ ಮಾತ್ರೆ, ಕೆಲವು ನೋವಿನ ಔಷಧಗಳು—ಇವೆಲ್ಲ ಕಾರಣಗಳಾಗಬಲ್ಲವು.

ವಿದ್ಯಾರ್ಥಿಗಳಲ್ಲಿ ಇನ್ನೊಂದು ಕಾರಣವಿದೆ: ಬಹಿರ್ದೆಸೆಯ ವೇಗವನ್ನು ತಡೆಯುವುದು. ಆಯುರ್ವೇದವು ಇದನ್ನು ವೇಗಧಾರಣೆಯೆಂದು ಕರೆದು ರೋಗಕಾರಣಗಳಲ್ಲಿ ಎಣಿಸಿದೆ. ಉಂಡೊಡನೆ ದೊಡ್ಡ ಕರುಳು ಚುರುಕಾಗುವುದು ಸಹಜ. ಆದರೆ ಬೆಳಗಿನ ಬಸ್ಸಿಗೆ ಓಡುವ ಹಳ್ಳಿಯ ಹುಡುಗನಿಗೆ ಆಗ ವೇಳೆಯಿಲ್ಲ. ಶಾಲೆಯ ಶೌಚಾಲಯ ಕೊಳಕಾಗಿದ್ದರೆ ಹುಡುಗಿಯರು ನೀರನ್ನೇ ಕುಡಿಯರು. ದಿನವೂ ಹೀಗೆ ತಡೆದರೆ ಗುದನಾಳದ ಅರಿವು ಮಂಕಾಗಿ, ಕರುಳಿನ ನಡೆಯೂ ನಿಧಾನವಾಗುತ್ತದೆ.

ಆದುದರಿಂದ ಮುದ್ದೆಯ ಗುಣಗಾನವಷ್ಟೇ ಸಾಲದು. ನೀರಿರುವ ಶುಚಿಯಾದ ಶೌಚಾಲಯವೂ, ಅಲ್ಲಿಗೆ ಹೋಗಲು ನಿಸ್ಸಂಕೋಚದ ಅನುಮತಿಯೂ ಆರೋಗ್ಯಪಾಠದ ಅಂಗಗಳೆಂದು ನಾವು ಭಾವಿಸುತ್ತೇವೆ. ಮಲದಲ್ಲಿ ರಕ್ತ ಕಂಡರೆ, ಅಕಾರಣವಾಗಿ ತೂಕ ಇಳಿದರೆ, ನಾಚಿಕೆಯನ್ನು ಬಿಟ್ಟು ವೈದ್ಯರನ್ನು ಕಾಣತಕ್ಕದ್ದು.