ಆಮ್ಲವನ್ನು ಹಡೆಯದ ಆಮ್ಲಜನಕ

ಹೈಡ್ರೋಕ್ಲೋರಿಕ್ ಆಮ್ಲದ ಅಣುಸೂತ್ರ ಎಚ್‌ಸಿಎಲ್. ಒಂದು ಜಲಜನಕ, ಒಂದು ಕ್ಲೋರಿನ್, ಅಷ್ಟೇ. ಆಮ್ಲಜನಕದ ಸುಳಿವೇ ಇಲ್ಲ. ಆದರೂ ಅದು ನೀಲಿ ಲಿಟ್ಮಸ್ ಕಾಗದವನ್ನು ಥಟ್ಟನೆ ಕೆಂಪಾಗಿಸುತ್ತದೆ. ಹಾಗಾದರೆ ಈ ಆಮ್ಲದ ಜನಕ ಯಾರು? ವಿದ್ಯಾರ್ಥಿಯೊಬ್ಬ ಹೀಗೆ ಕೇಳಿದರೆ ‘ಪುಸ್ತಕದಲ್ಲಿ ಇರುವಷ್ಟು ಓದು’ ಎಂದು ಗದರುವವರುಂಟು. ಪ್ರಶ್ನೆ ಮಾತ್ರ ಸರಿಯಾಗಿಯೇ ಇದೆ. ತಪ್ಪಿರುವುದು ಹೆಸರಿನಲ್ಲಿ.

ಈ ತಪ್ಪು ಹುಟ್ಟಿದ್ದು ಫ್ರಾನ್ಸಿನಲ್ಲಿ. ಗಂಧಕ, ರಂಜಕಗಳನ್ನು ಉರಿಸಿದಾಗ ಗಾಳಿಯ ಒಂದು ಭಾಗ ಅವುಗಳ ಜೊತೆ ಕೂಡಿಕೊಳ್ಳುತ್ತದೆ. ಉಂಟಾದ ವಸ್ತುವನ್ನು ನೀರಿನಲ್ಲಿ ಕರಗಿಸಿದರೆ ಆಮ್ಲ ಸಿಗುತ್ತದೆ. ಇದನ್ನು ಕಂಡ ಲವಾಸಿಯೆ, ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕೆಂದು ತೀರ್ಮಾನಿಸಿದ. ಗ್ರೀಕಿನಲ್ಲಿ ‘ಆಕ್ಸಿಸ್’ ಎಂದರೆ ಹರಿತ, ಹುಳಿ; ‘ಜೆನ್’ ಎಂದರೆ ಹುಟ್ಟಿಸು. ಅವನೂ ಅವನ ಮೂವರು ಸಂಗಡಿಗರೂ 1787ರಲ್ಲಿ ಪ್ರಕಟಿಸಿದ ರಾಸಾಯನಿಕ ನಾಮಕರಣದ ಪುಸ್ತಕದಿಂದ ‘ಆಕ್ಸಿಜೆನ್’ ಬೇರೂರಿತು. 1794ರಲ್ಲಿ ಲವಾಸಿಯೆ ಗಿಲೊಟಿನ್‌ಗೆ ತಲೆಯೊಡ್ಡಬೇಕಾಯಿತು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಕ್ಲೋರಿನ್ ಒಂದು ಮೂಲವಸ್ತು, ಅದರ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ ಎಂದು ತೋರಿಸಿದ. ಆದರೆ ಅಷ್ಟು ಹೊತ್ತಿಗೆ ಹೆಸರು ಊರೂರು ಸುತ್ತಿಯಾಗಿತ್ತು. ನಿಜ ಹೇಳಬೇಕೆಂದರೆ ಆಮ್ಲಜನಕ ಎಂಬ ಬಿರುದು ಸಲ್ಲಬೇಕಾದದ್ದು ಜಲಜನಕಕ್ಕೆ. ನೀರಿನಲ್ಲಿ ಆಮ್ಲವು ಬಿಟ್ಟುಕೊಡುವುದು ಜಲಜನಕದ ಅಯಾನುಗಳನ್ನು.

ಲ್ಯಾಟಿನ್ನಿನ ಮಕ್ಕಳಾದ ಭಾಷೆಗಳು ಈ ಹೆಸರನ್ನು ಇದ್ದಂತೆಯೇ ತೆಗೆದುಕೊಂಡವು. ಇಟಲಿಯವರಿಗೆ ಅದು ‘ಒಸ್ಸಿಜೆನೊ’, ರುಮೇನಿಯದವರಿಗೆ ‘ಒಕ್ಸಿಜೆನ್’. ಅಲ್ಲಿನ ಮಕ್ಕಳಿಗೆ ಗ್ರೀಕ್ ಗೊತ್ತಿಲ್ಲವಾದ್ದರಿಂದ ಒಳಗಿನ ಹುಳಿ ನಾಲಗೆಗೆ ತಾಗುವುದಿಲ್ಲ. ತಪ್ಪು ಗ್ರೀಕಿನ ಮುಸುಕಿನಲ್ಲಿ ತಣ್ಣಗೆ ಮಲಗಿದೆ.

ಸ್ಲಾವ್ ಭಾಷೆಗಳದು ಬೇರೆ ದಾರಿ. ಅವು ಹೆಸರನ್ನು ಬಿಡಿಸಿ ತಮ್ಮ ಮಾತಿನಲ್ಲಿ ಕಟ್ಟಿದವು. ರಷ್ಯನ್ನಿನಲ್ಲಿ ‘ಕಿಸ್ಲಿ’ ಎಂದರೆ ಹುಳಿ, ‘ರೋದ್’ ಎಂದರೆ ಹುಟ್ಟು, ಕುಲ. ಎರಡೂ ಸೇರಿ ‘ಕಿಸ್ಲೊರೋದ್’ ಆಯಿತು. ಚೆಕ್ ಭಾಷೆಯಲ್ಲಿ ‘ಕಿಸ್ಲೀಕ್’, ಕ್ರೊಯೇಷಿಯನ್ನಿನಲ್ಲಿ ‘ಕಿಸಿಕ್’. ಚೆಕ್ಕರಲ್ಲಿ ಆಮ್ಲಕ್ಕೆ ‘ಕಿಸೆಲಿನ’ ಎನ್ನುತ್ತಾರೆ. ಹೀಗಾಗಿ ಅಲ್ಲಿನ ಶಾಲಾ ಬಾಲಕನಿಗೂ ನಮ್ಮ ಹುಡುಗನ ಅನುಮಾನವೇ ಬರಬೇಕು. ಮುಸುಕು ತೆಗೆದ ಮೇಲೆ ತಪ್ಪು ಎದ್ದು ಕಾಣುತ್ತದಲ್ಲ!

ನಮ್ಮ ‘ಆಮ್ಲಜನಕ’ವೂ ಇದೇ ಸಾಲಿನದು. ಇಲ್ಲೊಂದು ಸ್ವಾರಸ್ಯವಿದೆ. ಗ್ರೀಕಿನ ‘ಜೆನ್’ ಮತ್ತು ಸಂಸ್ಕೃತದ ‘ಜನ್’ ಒಂದೇ ಬೇರಿನ ಚಿಗುರುಗಳು. ಆದ್ದರಿಂದ ಆಕ್ಸಿಜನ್ನನ್ನು ಆಮ್ಲಜನಕ ಎಂದಾಗ ಅರ್ಧ ಪದ ಅನುವಾದವಾಯಿತು, ಉಳಿದರ್ಧ ನೆಂಟರ ಮನೆಗೆ ಬಂದಂತಾಯಿತು. ಹೆಸರು ತಪ್ಪೆಂದು ಈಗ ಬದಲಿಸಲು ಹೊರಡುವುದು ವ್ಯರ್ಥ ಸಾಹಸ. 2021ರ ಕೋವಿಡ್ ದಿನಗಳಲ್ಲಿ ಆಮ್ಲಜನಕಕ್ಕಾಗಿ ಆಸ್ಪತ್ರೆಗಳನ್ನು ಅಲೆದವರಲ್ಲಿ ಯಾರಿಗೂ ಹುಳಿಯ ನೆನಪು ಬಂದಿರಲಾರದು. ಬಳಸಿ ಬಳಸಿ ಪದದ ಮೂಲಾರ್ಥ ಸವೆದುಹೋಗುತ್ತದೆ. ಆದರೆ ಆ ಹೆಸರನ್ನೇ ಹಿಡಿದು ‘ಆಮ್ಲವನ್ನು ಉಂಟುಮಾಡುವ ಅನಿಲ’ ಎಂದು ಮಕ್ಕಳಿಂದ ಉರು ಹೊಡೆಸುವುದು ಬೇರೆ ಮಾತು. ಅದು 1810ರಲ್ಲೇ ಬಿದ್ದುಹೋದ ವಿಚಾರ.

ಸ್ಲಾವರಲ್ಲಿ ಪೋಲೆಂಡಿನವರು ಮಾತ್ರ ಹಟ ಬಿಟ್ಟರು. ಅವರೂ ಮೊದಲು ಹುಳಿಯ ಹಾದಿಯನ್ನೇ ಹಿಡಿದಿದ್ದರು. ರಸಾಯನಶಾಸ್ತ್ರಜ್ಞ ಶ್ನಿಯಾಡೆಟ್ಸ್ಕಿ ಬಳಸಿದ ಹೆಸರು ‘ಕ್ವಾಸೊರುದ್’. ‘ಕ್ವಾಸ್’ ಎಂದರೆ ಆಮ್ಲ. 1851ರಲ್ಲಿ ಒಚಾಪೊವ್ಸ್ಕಿ ಎಂಬಾತ ‘ತ್ಲೆನ್’ ಎಂಬ ಹೊಸ ಪದ ಸೂಚಿಸಿದ. ಜ್ವಾಲೆಯಿಲ್ಲದೆ ಕೆಂಡವಾಗಿ ಉರಿಯುವುದಕ್ಕೆ ಅವರಲ್ಲಿರುವ ಕ್ರಿಯಾಪದದಿಂದ ಅದು ಬಂದಿದೆ. ಅಲ್ಲಿ ಈಗಲೂ ನಡೆಯುತ್ತಿರುವುದು ಇದೇ ಹೆಸರು.

ಶಾಲೆಯ ಪ್ರಯೋಗಾಲಯದಲ್ಲಿ ಆಮ್ಲಜನಕ ತುಂಬಿದ ಪ್ರನಾಳವನ್ನು ಗುರುತಿಸುವುದು ಹೇಗೆ? ಲಿಟ್ಮಸ್ ಇಲ್ಲಿ ಏನೂ ಹೇಳದು. ಜ್ವಾಲೆ ಆರಿ, ತುದಿಯಲ್ಲಿ ಕೆಂಡವಷ್ಟೇ ಉಳಿದ ಕಡ್ಡಿಯನ್ನು ಒಳಗೆ ಇಳಿಸಬೇಕು. ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ.