ಬರೆದವರು ಎಲ್ಲಿ ನಿಂತು ಬರೆದಿದ್ದಾರೆ?

ಬಸ್ಸುಗಳನ್ನು ಕುರಿತ ಅಭಿಪ್ರಾಯ ಲೇಖನಗಳು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಧಾರಾಳವಾಗಿ ಬರುತ್ತಿವೆ. ಮರಾಠಿ, ಕನ್ನಡ ಎರಡನ್ನೂ ಓದಬಲ್ಲ ಪಂಚವಟಿಯ ನಮ್ಮಂಥ ಹೊರನಾಡ ಕನ್ನಡಿಗರಿಗೆ ಅವನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅನುಕೂಲವುಂಟು. ಅದನ್ನು ನಾವು ಸಾಕಷ್ಟು ಬಳಸಿಕೊಳ್ಳುತ್ತಿಲ್ಲವೆಂಬುದು ನನ್ನ ಭಾವನೆ. ಲೇಖಕರ ನಿಲುವನ್ನು ಕೊನೆಯ ವಾಕ್ಯದಲ್ಲಿ ಹುಡುಕುತ್ತೇವೆ. ಅದು ಮೊದಲ ಪರಿಚ್ಛೇದದ ನಾಮಪದಗಳಲ್ಲೇ ಕುಳಿತಿರುತ್ತದೆ.

2023ರ ಮಾರ್ಚ್ 17ರಂದು ಮಹಾರಾಷ್ಟ್ರವು ಎಸ್‌ಟಿ ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟನ್ನು ಜಾರಿಗೆ ತಂದಿತು. ಅದೇ ವರ್ಷ ಜೂನ್ 11ರಂದು ಕರ್ನಾಟಕದಲ್ಲಿ 'ಶಕ್ತಿ' ಯೋಜನೆ ಆರಂಭವಾಯಿತು. ಇದನ್ನು 'ಬಿಟ್ಟಿ' ಎಂದು ಕರೆದವರೂ 'ಹಕ್ಕು' ಎಂದು ಕರೆದವರೂ ಆ ಒಂದು ಪದದಲ್ಲಿಯೇ ವಾದವನ್ನು ಮುಗಿಸಿಬಿಟ್ಟಿರುತ್ತಾರೆ, ಉಳಿದದ್ದು ಸಮರ್ಥನೆ. ಇಷ್ಟನ್ನು ಯಾರಾದರೂ ಕಂಡುಕೊಂಡಾರು. ಆದರೆ ಕನ್ನಡತಿಯರೆಲ್ಲರಿಗೂ ಉಚಿತ ಎಂಬ ಹರ್ಷದ ಮಾತು ಬಂದಾಗ ನಾವು ತುಸು ತಡೆದು ಓದಬೇಕು. ಶಕ್ತಿ ಯೋಜನೆ ಕೇಳುವುದು ಕರ್ನಾಟಕದ ವಾಸದ ಗುರುತನ್ನು, ತಾಯ್ನುಡಿಯನ್ನಲ್ಲ. ಬೆಳಗಾವಿಯಿಂದ ಹುಬ್ಬಳ್ಳಿಗೆ ಹೋಗುವ ಸಾಮಾನ್ಯ ಬಸ್ಸಿನಲ್ಲಿ ಬೆಳಗಾವಿಯ ಮರಾಠಿ ಸೋದರಿ ಟಿಕೆಟಿನ ಹಣ ಕೊಡಬೇಕಿಲ್ಲ. ಪಂಚವಟಿಯ ವಿಳಾಸವುಳ್ಳ ನಮ್ಮ ಕನ್ನಡದ ಅಕ್ಕ ಕೊಡಬೇಕು. ಆಡಳಿತದ ದೃಷ್ಟಿಯಿಂದ ಇದು ಸರಿಯೇ. ಆದರೆ ಆ 'ಎಲ್ಲರಿಗೂ' ಎಂಬುದರಲ್ಲಿ ನಾವಿಲ್ಲ. ಬರೆದವರು ಗಡಿಯೊಳಗೆ ನಿಂತು ಬರೆದಿದ್ದಾರೆ. ಇದನ್ನು ಗುರುತಿಸುವುದು ಮುನಿಸಿಕೊಳ್ಳುವುದಕ್ಕಾಗಿ ಅಲ್ಲ.

ಕಡತಗಳ ನಡುವೆ ವಯಸ್ಸು ಕಳೆದ ನನಗೆ ಇನ್ನೊಂದು ಪದದ ಮೇಲೆ ಸದಾ ಕಣ್ಣು: 'ನಷ್ಟ'. ನಗರದ ಬಸ್ಸು ನಷ್ಟದಲ್ಲಿದೆ ಎಂದು ಸಲೀಸಾಗಿ ಬರೆಯುತ್ತಾರೆ. ಮೇಲ್ಸೇತುವೆ ಈ ವರ್ಷ ಇಷ್ಟು ನಷ್ಟ ಮಾಡಿತೆಂದು ಬರೆದುದನ್ನು ನಾನು ಕಂಡಿಲ್ಲ. ಅದು 'ಅಭಿವೃದ್ಧಿ'ಯ ಶೀರ್ಷಿಕೆಗೆ ಸೇರುತ್ತದೆ. ನಮ್ಮ ನಾಸಿಕಕ್ಕೆ 2021ರಲ್ಲಿ ಎರಡು ಸಂಗತಿಗಳು ಒದಗಿದವು. ಫೆಬ್ರವರಿ 1ರ ಕೇಂದ್ರ ಮುಂಗಡಪತ್ರದಲ್ಲಿ 2,092 ಕೋಟಿ ರೂಪಾಯಿಗಳ ಮೆಟ್ರೋ ಯೋಜನೆಗೆ ನೆರವಿನ ಘೋಷಣೆಯಾಯಿತು. ಜುಲೈ 8ರಂದು ಮಹಾನಗರಪಾಲಿಕೆಯ ಸಿಟಿಲಿಂಕ್ ಬಸ್ಸುಗಳು ರಸ್ತೆಗಿಳಿದವು. ರಬ್ಬರು ಗಾಲಿಯ ಆ ಮೆಟ್ರೋದಲ್ಲಿ ಇಂದಿಗೂ ಯಾರೂ ಕುಳಿತಿಲ್ಲ, ಬಸ್ಸಿನಲ್ಲಿ ನಿತ್ಯವೂ ಜನ ನಿಂತು ಹೋಗುತ್ತಾರೆ. ಆದರೂ ಮೊದಲನೆಯದನ್ನು ಕುರಿತ ಲೇಖನದಲ್ಲಿ ಕರ್ತೃಪದ 'ನಗರ'ವಾಗಿರುತ್ತದೆ, ಎರಡನೆಯದರಲ್ಲಿ 'ಹೊರೆ'. ತಪೋವನದಿಂದ ನಾಸಿಕರಸ್ತೆಗೆ ಹೋಗಬೇಕಾದ ಮುದುಕಿ ಎಷ್ಟನೆಯ ವಾಕ್ಯದಲ್ಲಿ ಬರುತ್ತಾಳೆಂದು ಎಣಿಸಿ ನೋಡಿ. ಎಷ್ಟೋ ಸಲ ಬರುವುದೇ ಇಲ್ಲ.

2025ರ ಫೆಬ್ರವರಿಯಲ್ಲಿ ಬೆಳಗಾವಿಯ ಹತ್ತಿರ ನಿರ್ವಾಹಕರೊಬ್ಬರ ಮೇಲೆ ಭಾಷೆಯ ಕಾರಣಕ್ಕೆ ಹಲ್ಲೆಯಾಯಿತು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಚಾಲಕರ ಮುಖಕ್ಕೆ ಮಸಿ ಬಳಿಯಲಾಯಿತು. ಅಂತರರಾಜ್ಯ ಬಸ್ಸುಗಳು ನಿಂತವು. ಓದುಗರು ಈಗಷ್ಟೇ ನಾನು ಬಳಸಿದ ಕ್ರಿಯಾಪದಗಳನ್ನು ಗಮನಿಸಬೇಕು: ಆಯಿತು, ಬಳಿಯಲಾಯಿತು, ನಿಂತವು. ಮಾಡಿದವರಿಲ್ಲ. ಎರಡೂ ಕಡೆಯ ಲೇಖನಗಳನ್ನು ತೆಗೆದು ನೋಡಿದರೆ, ತಮ್ಮ ಕಡೆಯವರ ಕೃತ್ಯಕ್ಕೆ 'ಆಯಿತು', ಎದುರಿನವರ ಕೃತ್ಯಕ್ಕೆ 'ಮಾಡಿದರು' ಎಂಬ ವ್ಯಾಕರಣ ಕಣ್ಣಿಗೆ ಬೀಳುತ್ತದೆ. ಎರಡೂ ಕಡೆ ಬಂಧುಗಳಿರುವ, ಮದುವೆಗೋ ಹಬ್ಬಕ್ಕೋ ಅದೇ ಬಸ್ಸನ್ನು ನೆಚ್ಚಿದ ನಮಗೆ ಇದು ಕೇವಲ ವ್ಯಾಕರಣದ ಮಾತಲ್ಲ. ಪೆಟ್ಟು ತಿಂದ ಇಬ್ಬರೂ ಕೂಲಿಗೆ ದುಡಿಯುವವರು. ಅವರನ್ನು ಒಂದೇ ವಾಕ್ಯದಲ್ಲಿ ತಂದ ಲೇಖಕರು ವಿರಳ.

ಈ ಬರಹಕ್ಕೂ ಅದೇ ಪರೀಕ್ಷೆ ಸಲ್ಲಬೇಕು. ನಾನು ಕಚೇರಿಗೆ ಹೋಗುವುದು ಸರಕಾರಿ ವಾಹನದಲ್ಲಿ, ಬಸ್ಸು ಹತ್ತುವುದು ಅಪರೂಪ. ಮುಂದಿನ ಸಂಚಿಕೆಯಲ್ಲಿ ಸಾರಿಗೆಯ ಕುರಿತ ಪತ್ರಗಳಿಗೆ ಎರಡು ಪುಟಗಳನ್ನು ಕಾದಿರಿಸಿದ್ದೇವೆ. ಬರೆಯುವವರು ತಾವು ಯಾವ ನಿಲ್ದಾಣದಲ್ಲಿ, ಎಷ್ಟು ಹೊತ್ತು ಬಸ್ಸಿಗೆ ಕಾಯುತ್ತೀರೆಂಬುದನ್ನು ಮೊದಲ ಸಾಲಿನಲ್ಲಿಯೇ ತಿಳಿಸಬೇಕೆಂದು ಕೋರುತ್ತೇನೆ.